ಹೆಸರು ಹಾಕಿ ಎಂದಿದ್ದೆ

ಜೂನ್ 10, 2018, ಭಾನುವಾರ

ಇವತ್ತು ಒಂದು ಕಳ್ಳತನ ಹಿಡಿದೆ. ಮುಂದೆ ಜಗಳಕ್ಕೆ ದಿನಾಂಕಗಳು ಬೇಕಾಗುತ್ತವೆ. ಆದ್ದರಿಂದ ವಕೀಲನ ಮುಂದೆ ಹೇಳುವ ಹಾಗೆ ಕ್ರಮವಾಗಿ ಬರೆದಿಡುತ್ತೇನೆ.

ತಂಗಿ ಕಲಾವತಿಯ ಅತ್ತೆ ಮುನಿಗಂಗಮ್ಮನವರ ವರ್ಷದ ತಿಥಿ ಎಂದು ಬೆಳಿಗ್ಗೆ ಅಮೃತಹಳ್ಳಿಗೆ ಹೋಗಿದ್ದೆ. ಎಡೆ ಇಡುವ ಹೊತ್ತಾದರೂ ಅವಳ ಗಂಡ ಉಮೇಶ ಕಾಣಲಿಲ್ಲ. ಹುಡುಕಿಕೊಂಡು ಮಹಡಿ ಹತ್ತಿದೆ. ನೀರಿನ ಟ್ಯಾಂಕಿನ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತು ಫೋನಿನಲ್ಲಿ ಇಸ್ಪೀಟು ಆಡುತ್ತಿದ್ದ. ಹೆತ್ತ ತಾಯಿಯ ತಿಥಿಯ ದಿನ! ಬೈಯಲು ಬಾಗಿದವನು ಪರದೆ ನೋಡಿ ಹಾಗೇ ನಿಂತುಬಿಟ್ಟೆ.

ಆಟ ಕನ್ನಡದಲ್ಲಿತ್ತು. ಮೇಲೆ ‘ಲಕ್ಷ್ಮೀ ಟೇಬಲ್’ ಎಂದು ಬರೆದಿತ್ತು. ‘ಕ್ಷ’ದ ಕೆಳಗಿನ ‘ಮ’ ಒತ್ತು ಕೂದಲೆಳೆಯಷ್ಟು ಎಡಕ್ಕೆ ಸರಿದಿತ್ತು. ಲೋಕದಲ್ಲಿ ಹಾಗೆ ಸರಿಸುವವರು ಇಬ್ಬರೇ, ನಾನು ಮತ್ತು ಗಯಾಸ್.

ನಾನು ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕ. ಗಯಾಸ್ ಆರ್.ಟಿ. ನಗರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಡಿ.ಟಿ.ಪಿ. ಅಂಗಡಿಯವನು. ವಿಡಿಯೋ ಗೇಮುಗಳಲ್ಲಿ ಕನ್ನಡ ಹಾಕಿದರೆ ಒತ್ತಕ್ಷರಗಳು ಮುರಿದು ಚೆಲ್ಲಾಪಿಲ್ಲಿಯಾಗುತ್ತವೆ. ಆಟ ಕಟ್ಟುವ ವಿದೇಶಿ ಕಂಪನಿಗಳಿಗೆ ನಮ್ಮ ಒತ್ತು ಎಂದರೆ ಕಾಲಿಗಂಟಿದ ಕೆಸರು. ಅದನ್ನು ಸರಿಮಾಡಲು ನಾವಿಬ್ಬರೂ ಆರು ವರ್ಷದ ಭಾನುವಾರಗಳನ್ನು ಸುರಿದು ‘ಒತ್ತು’ ಎಂಬ ತಂತ್ರಾಂಶ ಬರೆದೆವು. ಅದು ಮುಕ್ತ ತಂತ್ರಾಂಶ. ಯಾರು ಬೇಕಾದರೂ, ಯಾವ ಕೆಲಸಕ್ಕೆ ಬೇಕಾದರೂ ಬಿಟ್ಟಿಯಾಗಿ ಬಳಸಬಹುದು. ಬರೆದವರ ಹೆಸರು ಉಳಿಸಬೇಕು ಎಂಬುದೊಂದೇ ಷರತ್ತು.

ಉಮೇಶನ ಕೈಯಿಂದ ಫೋನ್ ಕಿತ್ತುಕೊಂಡು ‘ನಮ್ಮ ಬಗ್ಗೆ’ ಪುಟ ತೆರೆದೆ. ಆಟದ ಹೆಸರು ‘ಎಲೆಮನೆ’, ಕಂಪನಿಯ ಹೆಸರು ಟ್ರಿಪಲ್‌ಜೀಬ್ರಾ, ವಿಳಾಸ ಹೆಬ್ಬಾಳ. ನಮ್ಮ ಹೆಸರು ಎಲ್ಲೂ ಇಲ್ಲ. ಕೆಳಗೆ ‘ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಲಾಗಿದೆ’ ಎಂದಿತ್ತು. ಅದನ್ನೂ ನಮ್ಮ ಅಕ್ಷರದಲ್ಲೇ ಬರೆದಿದ್ದಾರೆ ನಾಚಿಕೆಗೆಟ್ಟವರು.

“ಕೊಡಿ ಭಾವ, ಟೈಮ್ ಓಗ್ತಾ ಐತೆ” ಎಂದು ಉಮೇಶ ಎರಡು ಕೈಯೂ ಚಾಚಿದ. ಹಣೆಯಲ್ಲಿ ಬೆವರಿತ್ತು. ಟ್ಯಾಂಕಿನ ಹತ್ತಿರ ಗಾಳಿಯೇ ಇರಲಿಲ್ಲ.

ಜೂನ್ 14, ಗುರುವಾರ

ಗಯಾಸ್‌ಗೆ ವಿಷಯ ಹೇಳಿದೆ. ಅವನು ಯಾರದೋ ಮದುವೆಯ ಕರೆಯೋಲೆಯಲ್ಲಿ ಅಕ್ಷರ ತಿದ್ದುತ್ತ, “ಬಿಟ್ಟಿ ಕೊಟ್ಟಿದ್ದು ನಾವೇ ಅಲ್ವಾ ಗುರು? ತಗೊಂಡಿದಾರೆ ಬಿಡು” ಎಂದ.

“ಹೆಸರು ಹಾಕ್ಬೇಕು ಅಂತ ಷರತ್ತಿದೆ.”

“ಲಗ್ನಪತ್ರಿಕೆ ಕೆಳಗೆ ನನ್ನ ಹೆಸರು ಯಾರು ಓದ್ತಾರೆ? ಅದು ಬಿಡು, ಆ ಆಟ ಎಂಥದು ಅಂತ ನೋಡ್ದಾ? ದುಡ್ಡಿಟ್ಟು ಆಡೋದಂತಲ್ಲ.”

ಅದು ಬೇರೆ ವಿಷಯ ಎಂದೆ. ಆಟಗಳ ಬಗ್ಗೆ ನನ್ನ ಅಭಿಪ್ರಾಯ ಅವನಿಗೇನೂ ಹೊಸದಲ್ಲ. ಒಂದು ಕಾಲದಲ್ಲಿ ಆಟ ಎಂದರೆ ಗೆಲ್ಲುವುದು ಇಲ್ಲವೇ ಸೋಲುವುದು, ಆಮೇಲೆ ಎದ್ದು ಕೈ ತೊಳೆದು ಊಟಕ್ಕೆ ಹೋಗುವುದು. ಈಗಿನವು ಆಟಗಳಲ್ಲ, ಇಲಿಬೋನುಗಳು. ಅವನ್ನು ಕಟ್ಟುವವರು ಬೀನ್‌ಬ್ಯಾಗ್ ಎಂಬ ಬಣ್ಣದ ಮೂಟೆಗಳ ಮೇಲೆ ಒರಗಿ, ಕಾಫಿ ಹೀರುತ್ತ, ಬೆರಳು ಎಷ್ಟು ಹೊತ್ತು ಪರದೆ ಬಿಟ್ಟು ಏಳುವುದಿಲ್ಲ ಎಂದು ಲೆಕ್ಕ ಹಾಕುತ್ತಾರೆ. ಅದಕ್ಕೆ ‘ಬಳಕೆದಾರರ ಸಂತೋಷ’ ಎಂದು ಹೆಸರು. ನಮ್ಮಂಥವರು ಬರೆದದ್ದನ್ನು ಹೊರಗಿನಿಂದ ಬಾಚಿ ತಂದು ಒಳಗೆ ಸುರಿದುಕೊಂಡು, ಬಾಗಿಲಿಗೆ ಬೀಗ ಹಾಕಿ, ‘ನಾವು ಮುಕ್ತ ತಂತ್ರಾಂಶದ ಅಭಿಮಾನಿಗಳು’ ಎಂದು ಗೋಡೆಯ ಮೇಲೆ ಬರೆದುಕೊಳ್ಳುತ್ತಾರೆ. ನೆನೆದರೆ ವಾಕರಿಕೆ ಬರುತ್ತದೆ.

ಜೂನ್ 29, ಶುಕ್ರವಾರ

ಕಂಪನಿಗೆ ಬರೆದ ಎರಡು ಪುಟದ ಪತ್ರಕ್ಕೆ ಉತ್ತರ ಬಂತು. ‘ಪ್ರಿಯ ಆಟಗಾರರೇ, ನಿಮ್ಮ ಅನುಭವ ನಮಗೆ ಅಮೂಲ್ಯ. ನಮಗೆ ಎಷ್ಟು ನಕ್ಷತ್ರ ಕೊಡುತ್ತೀರಿ?’

ಥೂ.

ಜುಲೈ 8, ಭಾನುವಾರ

ಉಮೇಶ ಸ್ಕೂಟರಿನಲ್ಲಿ ಕ್ವಾರ್ಟರ್ಸಿಗೆ ಬಂದಿದ್ದ. ಅವನು ಒಬ್ಬನೇ ಬಂದದ್ದು ಇದೇ ಮೊದಲು. ಅಂಗಡಿ ಯಾರು ನೋಡಿಕೊಳ್ಳುತ್ತಾರೆ ಎಂದರೆ, “ಇವತ್ತು ಬಾಗ್ಲು ಆಕಿದೀನಿ ಭಾವ” ಎಂದ. ಅಮೃತಹಳ್ಳಿ ಮುಖ್ಯರಸ್ತೆಯಲ್ಲಿ ಪೈಪು, ನಲ್ಲಿ, ಸಿಂಕು ಮಾರುವ ಅಂಗಡಿ. ಭಾನುವಾರವೇ ಅಲ್ಲಿ ವ್ಯಾಪಾರ ಜಾಸ್ತಿ. ಸೋಮಾರಿ.

ಕಾಫಿ ಕುಡಿದು ಖಾಲಿ ಲೋಟ ತಿರುಗಿಸುತ್ತ ಕೂತಿದ್ದ. ಆಮೇಲೆ, “ಭಾವ, ನೀವು ಕಂಪ್ಯೂಟರ್ ತಿಳ್ಕೊಂಡೋರು. ಈ ಆಟ ನನ್ ಫೋನಲ್ಲಿ ತಿರ್ಗಾ ಬರ್ದೇ ಇರೋ ಅಂಗೆ ಏನಾನಾ ಮಾಡಕ್ಕಾಯ್ತದಾ? ನಾನ್ ಕಿತ್ತಾಕಿದ್ರೂ ತಿರ್ಗಾ ನಾನೇ ಆಕ್ಕೊಂತೀನಿ” ಎಂದ.

“ಈಗ್ಲೇ ಕಿತ್ತಾಕ್ಬೇಡ, ಇರು” ಎಂದು ಫೋನ್ ಇಸಿದುಕೊಂಡೆ. ನನಗೆ ಸಾಕ್ಷಿ ಬೇಕಿತ್ತು. ಒಂದೊಂದೇ ಪುಟ ತೆರೆದು ನಲವತ್ತೊಂದು ಚಿತ್ರ ತೆಗೆದೆ. ಎಲ್ಲದರಲ್ಲೂ ನಮ್ಮ ಒತ್ತು ಎದ್ದು ಕಾಣುತ್ತಿತ್ತು. ಆ ಹೊತ್ತಿಗೆ ಮಧ್ಯಾಹ್ನವಾಯಿತು. ಚಪ್ಪಲಿ ಮೆಟ್ಟಿಕೊಳ್ಳುತ್ತ, “ಇಂಗ್ಲೀಷಲ್ಲಿದ್ದಾಗ ನನ್ಗೆ ಅಷ್ಟು ಗೊತ್ತಾಯ್ತಿರ್ಲಿಲ್ಲ ಭಾವ. ಕನ್ನಡದಲ್ಲಿ ಬಂದ್ಮೇಲೆ ಯಾರೋ ಮನೇವ್ರೇ ಕರ್ದಂಗೆ ಆಯ್ತದೆ” ಎಂದ.

ಆರು ವರ್ಷದಲ್ಲಿ ನಮ್ಮ ಕೆಲಸಕ್ಕೆ ಇಷ್ಟು ಚೆನ್ನಾದ ಮಾತು ಇನ್ನೊಬ್ಬರು ಆಡಿಲ್ಲ. ಗಯಾಸ್‌ಗೆ ಹೇಳಬೇಕು.

ಜುಲೈ 23, ಸೋಮವಾರ

ಚಿತ್ರಗಳನ್ನೆಲ್ಲ ಲಗತ್ತಿಸಿ ಮತ್ತೆ ಬರೆದಿದ್ದೆ. ಈ ಸಲ ಮನುಷ್ಯರ ಉತ್ತರ ಬಂದಿದೆ. ಕಚೇರಿಗೆ ಬನ್ನಿ ಎಂದಿದ್ದಾರೆ.

ಆಗಸ್ಟ್ 3, ಶುಕ್ರವಾರ

ಅರ್ಧ ದಿನ ರಜೆ ಹಾಕಿ ಹೋದೆ. ಗೊರಗುಂಟೆಪಾಳ್ಯದಲ್ಲೇ ಐವತ್ತು ನಿಮಿಷ ಬಸ್ಸು ಕದಲಲಿಲ್ಲ. ಹೆಬ್ಬಾಳದ ಆ ಗಾಜಿನ ಕಟ್ಟಡದ ಏಳನೇ ಮಹಡಿಯಲ್ಲಿ, ನಾನು ಊಹಿಸಿದ್ದಂತೆಯೇ, ಬಣ್ಣದ ಮೂಟೆಗಳಿದ್ದವು. ಗೋಡೆಯ ಮೇಲೆ ದೊಡ್ಡ ಟಿ.ವಿ.ಯಲ್ಲಿ ಒಂದು ಸಂಖ್ಯೆ ಏರುತ್ತಲೇ ಇತ್ತು. ಈ ಕ್ಷಣ ಎಷ್ಟು ಜನ ಆಡುತ್ತಿದ್ದಾರೆ ಎಂಬುದಂತೆ. ಕೆಲಸದ ದಿನ ಬೆಳಿಗ್ಗೆ ಹನ್ನೊಂದೂವರೆಗೆ ಐವತ್ತೆರಡು ಸಾವಿರ ಚಿಲ್ಲರೆ ಜನ. ನಿರುದ್ಯೋಗಿಗಳು.

ಮಾತಾಡಿದವಳು ಮೂವತ್ತು ದಾಟದ ಮ್ಯಾನೇಜರ್. ತಪ್ಪಾಗಿದೆ ಎಂದು ಒಂದೇ ಮಾತಿಗೆ ಒಪ್ಪಿಕೊಂಡಳು. ನಾನು ಒಂದು ವಾರದ ಜಗಳಕ್ಕೆ ತಯಾರಾಗಿ ಹೋಗಿದ್ದೆ. “ಸಾರ್, ನೀವು ಲೆಜೆಂಡ್ ಸಾರ್. ನಿಮ್ಮ ‘ಒತ್ತು’ ಲೈಬ್ರರಿ ಇಲ್ದಿದ್ರೆ ನಾವು ಕನ್ನಡ ಮಾಡ್ತಾನೇ ಇರ್ಲಿಲ್ಲ. ಕನ್ನಡ ಬಂದ್ಮೇಲೆ ನಾರ್ತ್ ಬೆಂಗಳೂರಲ್ಲೇ ಮೂರು ಪಟ್ಟು ಆಗಿದೆ ನಂಬರ್ಸ್” ಎಂದಳು. ಎರಡು ವಾರದಲ್ಲಿ ಹೆಸರು ಹಾಕುವುದಾಗಿ ಬರೆದುಕೊಟ್ಟಳು. ಒಂದು ಅಂಗಿಯನ್ನೂ ಕೊಟ್ಟಳು. ಎದೆಯ ಮೇಲೆ ಮೂರು ಪಟ್ಟೆಕುದುರೆ.

ಏಳುವಾಗ, “ಸಾರ್, ಒಂದೇ ಒಂದು ಬಗ್ ಇದೆ” ಎಂದು ಒಂದು ಗುಂಡಿ ತೋರಿಸಿದಳು. ಆಟ ಮುಗಿದ ಮೇಲೆ ಬರುವ ಗುಂಡಿ. ಹಳೆಯ ಫೋನುಗಳಲ್ಲಿ ಅಲ್ಲಿನ ಅಕ್ಷರ ‘ಮತ್‌ತೊಮ್‌ಮೆ ಆಡಿ’ ಎಂದು ಒಡೆದು ಕಾಣುತ್ತದೆ. ಇಂಥದ್ದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಆಗಸ್ಟ್ 5, ಭಾನುವಾರ

ಗುಂಡಿಯ ತೊಂದರೆ ಸರಿಯಾಯಿತು. ಹನ್ನೊಂದು ಸಾಲು ತಿದ್ದಿದರೆ ಸಾಕಿತ್ತು. ‘ಮತ್ತೊಮ್ಮೆ ಆಡಿ’ ಈಗ ಎಂಥ ಹಳೇ ಫೋನಿನಲ್ಲೂ ಮುತ್ತು ಪೋಣಿಸಿದ ಹಾಗೆ ಕೂರುತ್ತದೆ.

ಗಯಾಸ್ ತಿದ್ದಿದ್ದನ್ನು ನೋಡಿ, “ಅವ್ರಿಗೋಸ್ಕರ ಮಾಡಿದ್ಯಾ?” ಎಂದ. ಅಕ್ಷರಕ್ಕೋಸ್ಕರ ಎಂದೆ. ಅವನು ತನ್ನ ಲಗ್ನಪತ್ರಿಕೆಗೆ ತಿರುಗಿದ. ಈಚೆಗೆ ಅವನಿಗೆ ಉತ್ಸಾಹವೇ ಕಡಿಮೆಯಾಗಿದೆ.

ಆಗಸ್ಟ್ 21, ಮಂಗಳವಾರ

ಬಂತು!

‘ಎಲೆಮನೆಯ ಕನ್ನಡ: ಶಿವರಾಮ್ ಮತ್ತು ಗಯಾಸ್, ಒತ್ತು ತಂತ್ರಾಂಶ’. ‘ನಮ್ಮ ಬಗ್ಗೆ’ ಪುಟದ ಎರಡನೇ ಸಾಲಿನಲ್ಲೇ ಇದೆ. ಕಾರ್ಖಾನೆಯಲ್ಲಿ ನನ್ನ ವಿಭಾಗದ ವೆಂಕಟಸ್ವಾಮಿ ತನ್ನ ಫೋನಿನಲ್ಲಿ ತೋರಿಸಿದ. ಅವನೂ ಆಡುತ್ತಾನೆಂದು ಗೊತ್ತಿರಲಿಲ್ಲ. “ಏನ್ ಸಾರ್, ನಮ್ ಪಕ್ಕದಲ್ಲೇ ಕೂತಿದ್ರಿ, ಒಂದ್ ಮಾತು ಹೇಳ್ಲಿಲ್ಲ!” ಎಂದು ಕೈ ಕುಲುಕಿದ. ಕ್ಯಾಂಟೀನಿನಲ್ಲಿ ಮೂರು ಜನ ಎದ್ದು ಬಂದು ನೋಡಿದರು. ಇಪ್ಪತ್ತಮೂರು ವರ್ಷದಲ್ಲಿ ಕ್ಯಾಂಟೀನಿನಲ್ಲಿ ನನ್ನನ್ನು ನೋಡಲು ಯಾರೂ ಎದ್ದಿರಲಿಲ್ಲ.

ಕಲಾವತಿಗೂ ತಿಳಿಸೋಣವೆಂದು ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಸೆಪ್ಟೆಂಬರ್ 16, ಭಾನುವಾರ

ಕಲಾವತಿ ಬಂದಿದ್ದಳು. ಹೇಳದೆ ಕೇಳದೆ, ಬಸ್ಸಿನಲ್ಲಿ, ಮನೆಯಲ್ಲುಡುವ ಸೀರೆಯಲ್ಲೇ. ಒಳಗೆ ಬಂದವಳು ಕೂರಲಿಲ್ಲ. ಉಮೇಶನ ಹಳೆಯ ಫೋನ್ ತೆಗೆದು ನನ್ನ ಮುಖಕ್ಕೆ ಹಿಡಿದಳು.

“ಅಣ್ಣ, ಇದು ನಿನ್ನ ಹೆಸ್ರಾ?”

ಹೌದು ಎಂದೆ. ನಿಜ ಹೇಳಬೇಕೆಂದರೆ, ಕೊನೆಗೂ ನೋಡಿದಳಲ್ಲ ಎಂದುಕೊಂಡೆ.

“ನೀನು ಮಾಡಿದ್ದಾ ಈ ಆಟಾನ?”

ಆಟ ನನ್ನದಲ್ಲ, ಅಕ್ಷರ ಕೂರಿಸುವ ಭಾಗ ಮಾತ್ರ ಎಂದೆ. ಮುಕ್ತ ತಂತ್ರಾಂಶ ಎಂದರೇನು, ಪರವಾನಗಿ ಎಂದರೇನು, ಯಾರು ಏನಕ್ಕೆ ಬಳಸುತ್ತಾರೆ ಎಂಬುದು ಬರೆದವನ ಕೈಯಲ್ಲಿ ಏಕಿರುವುದಿಲ್ಲ, ಎಲ್ಲ ವಿವರಿಸಿದೆ. ಇಪ್ಪತ್ತು ನಿಮಿಷ ವಿವರಿಸಿದೆ. ಅವಳಿಗೆ ಅರ್ಥವಾಗಲಿಲ್ಲ.

“ಮುಗೀತಾ?” ಎಂದಳು. “ಅವ್ರು ಮೊನ್ನೆ ಗೌರಿಹಬ್ಬದ ದಿನ ಮನೆ ಬಿಟ್ಟು ಹೋದೋರು ಇನ್ನೂ ಬಂದಿಲ್ಲ. ಅಂಗಡೀಲಿ ಅರ್ಧಕ್ಕರ್ಧ ಸಾಮಾನೇ ಇಲ್ಲ. ಪೈಪೆಲ್ಲ ಬಂದಷ್ಟಕ್ಕೆ ಮಾರ್ಕೊಂಡು ಇದ್ರೊಳಗೆ ಸುರ್ದಿದಾರೆ. ನಾನು ಗೋಳಾಡಿ, ಇದನ್ನ ಮಾಡಿದೋರು ಯಾರು ಅಂತ ಹುಡುಕ್ದೆ ಅಣ್ಣ, ಶಾಪ ಹಾಕೋಣಾಂತ. ಅಲ್ಲಿ ನಿನ್ನ ಹೆಸ್ರಿತ್ತು.”

ನಾನು ಕೂತೆ. ಅವಳು ನಿಂತೇ ಇದ್ದಳು.

ಗಯಾಸ್‌ಗೆ ಫೋನ್ ಮಾಡಿದೆ. ಅವನು ಅಂಗಡಿ ಬಾಗಿಲು ಎಳೆದು ಅರ್ಧ ಗಂಟೆಯಲ್ಲಿ ಬಂದ.

ಸೆಪ್ಟೆಂಬರ್ 17, ಸೋಮವಾರ

ಸಿಗಲಿಲ್ಲ. ಪೊಲೀಸರಿಗೆ ದೂರು ಕೊಟ್ಟೆವು. ಯಲಹಂಕದ ನೆಂಟರು, ಜಕ್ಕೂರು ಕೆರೆಯ ದಂಡೆ, ಎಲ್ಲ ನೋಡಿದೆವು. ಕೆರೆಯ ದಂಡೆಗೆ ಹೋಗೋಣ ಎಂದವಳು ಕಲಾವತಿಯೇ.

ಸೆಪ್ಟೆಂಬರ್ 18, ಮಂಗಳವಾರ

ಸಿಕ್ಕಿದ. ಬದುಕಿದ್ದಾನೆ.

ಯಶವಂತಪುರ ರೈಲು ನಿಲ್ದಾಣ. ಅಲ್ಲಿ ನೋಡೋಣ ಎಂದು ಗಯಾಸ್‌ಗೆ ಹೊಳೆಯಿತು. “ಬಿಟ್ಟಿ ವೈಫೈ, ಬಿಟ್ಟಿ ಚಾರ್ಜು, ಯಾಕೆ ಕೂತಿದ್ದೀಯ ಅಂತ ಯಾರೂ ಕೇಳಲ್ಲ” ಎಂದ. ಬೆಳಿಗ್ಗೆ ಹತ್ತು ಗಂಟೆ. ಆರನೇ ಪ್ಲಾಟ್‌ಫಾರಂನಲ್ಲಿ ಯಾವುದೋ ರೈಲಿಗೆ ಕಾಯುವ ಸಂಸಾರಗಳ ನಡುವೆ, ಚಾರ್ಜು ಹಾಕುವ ಕಂಬಕ್ಕೆ ಒರಗಿ ಕೂತಿದ್ದ. ಕೈಯಲ್ಲಿ ಹೊಸ ಫೋನು. ಗಡ್ಡ ಬಂದಿತ್ತು. ಅಂಗಿಯಿಂದ ಆರು ದಿನದ ಬೆವರಿನ ವಾಸನೆ. ಹತ್ತಿರ ಹೋದಾಗ ನನಗೆ ಮೊದಲು ಹುಟ್ಟಿದ್ದು ಅಸಹ್ಯವೇ, ಬರೆದುಬಿಡುತ್ತೇನೆ.

ನನ್ನನ್ನು ನೋಡಿ ಎದ್ದು ನಿಂತ. ಓಡಲಿಲ್ಲ. “ಇದೊಂದು ಆಟ ಮುಗಿಸ್ಕೊಂಡು ಬರ್ತೀನಿ ಭಾವ” ಎಂದ. ಗಯಾಸ್ ಮೆಲ್ಲಗೆ ಅವನ ಕೈ ಹಿಡಿದು ಫೋನ್ ತೆಗೆದುಕೊಂಡ. ಪರದೆಯ ಮೇಲೆ ಆ ಗುಂಡಿ ಬಂದಿತ್ತು.

ಆಟೋದಲ್ಲಿ ಉಮೇಶ ನಮ್ಮಿಬ್ಬರ ಮಧ್ಯೆ ಕೂತಿದ್ದ. ಮತ್ತಿಕೆರೆ ದಾಟಿದ ಮೇಲೆ, “ಆವತ್ತು ನಿಮ್ ಮನೇಗೆ ಬಂದಿದ್ನಲ್ಲ ಭಾವ” ಎಂದ. ದೂರುವ ದನಿಯಲ್ಲಿ ಅಲ್ಲ. ಹೀಗೇ.

ಮನೆಗೆ ಬಂದು ಈ ಪುಸ್ತಕ ತಿರುಗಿಸಿ ನೋಡಿದೆ. ಜುಲೈ 8. ಎಲ್ಲ ಬರೆದಿದ್ದೇನೆ, ಅವನ ಮಾತನ್ನು ಒಂದಕ್ಷರ ಬಿಡದೆ. ಬರೆದವನು ನಾನೇ.

ಅಕ್ಟೋಬರ್ 1, ಸೋಮವಾರ

ಉಮೇಶನನ್ನು ವಾರಕ್ಕೊಮ್ಮೆ ಮಾನಸಿಕ ಆಸ್ಪತ್ರೆಗೆ ಕರೆದೊಯ್ಯಬೇಕು. ಇಂಥ ಆಟಗಳಿಗೆ ಬಿದ್ದವರಿಗೆಂದೇ ಅಲ್ಲೊಬ್ಬ ಡಾಕ್ಟರಿದ್ದಾರೆ. ಕಲಾವತಿ ನನ್ನ ಜೊತೆ ಮಾತಾಡುತ್ತಿಲ್ಲ. ಏನಾದರೂ ಹೇಳಬೇಕಾದರೆ ಗಯಾಸ್‌ಗೆ ಹೇಳುತ್ತಾಳೆ.

ಹೆಸರು ತೆಗೆಯಿರಿ ಎಂದು ಕಂಪನಿಗೆ ಬರೆದಿದ್ದೆ. ಇವತ್ತು ಉತ್ತರ ಬಂತು. ‘ಬರೆದವರ ಹೆಸರು ಉಳಿಸಬೇಕೆಂಬುದು ನಿಮ್ಮದೇ ಪರವಾನಗಿಯ ಷರತ್ತು. ಅದನ್ನು ಗೌರವಿಸುವುದು ನಮ್ಮ ಕರ್ತವ್ಯ ಎಂದು ನಮ್ಮ ವಕೀಲರು ಅಭಿಪ್ರಾಯಪಟ್ಟಿದ್ದಾರೆ.’ ಕೊನೆಯಲ್ಲಿ ನಗುವ ಮುಖದ ಚಿಹ್ನೆ.

ಷರತ್ತು ಬದಲಿಸೋಣ, ಜೂಜಿಗೆ ಬಳಸಬಾರದು ಎಂದು ಸೇರಿಸೋಣ ಎಂದೆ ಗಯಾಸ್‌ಗೆ.

“ಸೇರ್ಸು. ಆದ್ರೆ ಹಳೇದು ಅವರ ಹತ್ರ ಇದ್ದೇ ಇದೆ ಗುರು. ಕೊಟ್ಟಾಗಿದೆ” ಎಂದ.

ಅವನ ಮೇಲೆ ರೇಗಿದೆ. ನೀನು ಮೊದಲೇ ಯಾಕೆ ಗಟ್ಟಿಯಾಗಿ ಹೇಳಲಿಲ್ಲ ಎಂದೆ. “ನೀನು ಗಟ್ಟಿಯಾಗಿ ಮಾತಾಡ್ತಿದ್ದೆ” ಎಂದ.

ಅಕ್ಟೋಬರ್ 18, ಗುರುವಾರ

ಆಯುಧಪೂಜೆ. ಉಮೇಶನ ಅಂಗಡಿಯ ಬಾಗಿಲು ತೆರೆದೆವು. ತಕ್ಕಡಿಗೂ ಪೈಪು ಕುಯ್ಯುವ ಗರಗಸಕ್ಕೂ ಕುಂಕುಮ ಇಟ್ಟ. ವರ್ಷದ ಕೊನೆಯವರೆಗೂ ನನಗೆ ಎರಡನೇ ಪಾಳಿ. ಬೆಳಿಗ್ಗೆಯೆಲ್ಲ ಬಿಡುವು. ಅವನೊಬ್ಬನನ್ನೇ ಬಿಡಬಾರದು ಎಂದು ಡಾಕ್ಟರು ಹೇಳಿದ್ದಾರೆ. ನಾಳೆಯಿಂದ ನಾನು ಬರುತ್ತೇನೆ ಎಂದೆ. ಕಲಾವತಿ ಕೇಳಿಸಿಕೊಂಡಳು.

ಅಕ್ಟೋಬರ್ 27, ಶನಿವಾರ

ಪೈಪು ತಿರುಗುವ ಮೂಲೆಗೆ ಹಾಕುವ ಮುಕ್ಕಾಲಿಂಚಿನ ಎಲ್ಬೋಗೂ ಒಂದಿಂಚಿನದಕ್ಕೂ ವ್ಯತ್ಯಾಸ ಕೈಗೇ ಗೊತ್ತಾಗಬೇಕಂತೆ, ಕಣ್ಣಿಗಲ್ಲ. ಮೂರು ಗಿರಾಕಿಗಳಿಗೆ ತಪ್ಪು ಕೊಟ್ಟೆ. ಸೊಣ್ಣಪ್ಪ ಎಂಬ ಪ್ಲಂಬರ್ ತಿರುಗಿ ಬಂದು, “ಯಾರ್ ಸ್ವಾಮಿ ಈ ಮೇಷ್ಟ್ರುನ್ನ ಇಲ್ಲಿ ಕೂರ್ಸಿರೋದು?” ಎಂದು ಬೈದ. ಬೆನ್ನು ನೋಯುತ್ತಿದೆ.

ನವೆಂಬರ್ 6, ಮಂಗಳವಾರ

ಹಿಂದಿನ ಗೋಡೌನಿನಲ್ಲಿ ಸಿಂಕುಗಳ ಸಂದಿಯಲ್ಲಿ ಉಮೇಶ ಕೂತಿದ್ದ. ಸೊಣ್ಣಪ್ಪನ ಫೋನ್ ಇಸಿದುಕೊಂಡು ಆಡುತ್ತಿದ್ದ. ನನ್ನನ್ನು ಕಂಡು ಫೋನ್ ಬೆನ್ನ ಹಿಂದೆ ಸರಿಸಿದ.

ಬೈಯಲು ಬಾಯಿ ತೆರೆದವನು ಪಕ್ಕದಲ್ಲಿ ಕೂತು, “ತೋರ್ಸು, ಹೆಂಗಾಡೋದು ಇದನ್ನ” ಎಂದೆ.

ಅವನು ತೋರಿಸಿದ. ಐದು ತಿಂಗಳಿಂದ ಈ ಆಟಕ್ಕಾಗಿ ಬಡಿದಾಡಿದವನು ಅದನ್ನು ಓದಿಯೇ ಇರಲಿಲ್ಲ. ಅಕ್ಷರ ನೋಡಿದ್ದೆ, ಮಾತು ಓದಿರಲಿಲ್ಲ. ಸೋತ ಕೂಡಲೇ ‘ಛೇ, ಸ್ವಲ್ಪದರಲ್ಲಿ ತಪ್ಪಿತು’ ಎನ್ನುತ್ತದೆ. ಮುಚ್ಚಲು ಹೋದರೆ ‘ಇಷ್ಟು ಬೇಗ ಹೊರಟಿರಾ? ನಿಮ್ಮ ಕುರ್ಚಿ ಕಾಯ್ದಿರಿಸಿದ್ದೇವೆ’ ಎನ್ನುತ್ತದೆ. ಹತ್ತು ನಿಮಿಷ ಮುಟ್ಟದಿದ್ದರೆ ‘ಊಟ ಆಯಿತೇ?’ ಎಂದು ಕೇಳುತ್ತದೆ. ಒಂದು ಒತ್ತೂ ತಪ್ಪಿಲ್ಲ. ಓದಲು ಎಲ್ಲೂ ತಡೆಯಿಲ್ಲ. ಬೆಣ್ಣೆಯ ಹಾಗೆ ಒಳಗಿಳಿಯುತ್ತದೆ.

ಎದ್ದು ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದೆ. ತಿರುಗಿ ಬಂದಾಗ ಉಮೇಶ ಫೋನನ್ನು ಸಿಂಕಿನೊಳಗೆ ಮಗುಚಿ ಇಟ್ಟು, ಮೊಣಕಾಲಿಗೆ ಹಣೆ ಹಚ್ಚಿ ಕೂತಿದ್ದ.

“ಊಟ ಆಯ್ತಾ ಅಂತ ಮನೇಲಿ ಯಾರೂ ಕೇಳ್ತಿರ್ಲಿಲ್ಲ ಭಾವ, ಅವ್ವ ತೀರ್ಕೊಂಡ್ಮೇಲೆ” ಎಂದ.

ಮಧ್ಯಾಹ್ನ ಇಬ್ಬರೂ ಹೋಗಿ ಮುದ್ದೆ ಉಂಡೆವು. ಇದನ್ನು ಕಲಾವತಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿ ಹೇಳಿದೆ. ಡಾಕ್ಟರಿಗೂ ಹೇಳಿದೆ. ಒಂದು ಸಲ ಜಾರುವುದು ಇದ್ದದ್ದೇ, ಬಿಡಬೇಡಿ ಎಂದರು.

ನವೆಂಬರ್ 14, ಬುಧವಾರ

ಗಯಾಸ್ ಕೇಳಿದ, ಕಂಪನಿಯವರು ಮತ್ತೆ ಏನಾದರೂ ಬರೆದರಾ ಎಂದು. ನೋಡಿಲ್ಲ ಎಂದೆ. ಕಂಪ್ಯೂಟರಿನ ಮೇಲೆ ಒಗೆದ ಬಟ್ಟೆ ಹರವಿದ್ದೇನೆ.

ನವೆಂಬರ್ 24, ಶನಿವಾರ

ಇವತ್ತು ಅಂಗಡಿಯಲ್ಲಿ ಕಲಾವತಿಯೂ ಇದ್ದಳು. ಹನ್ನೆರಡರ ಹೊತ್ತಿಗೆ ಗಿರಾಕಿಗಳು ಕಡಿಮೆಯಾದರು. ಉಮೇಶ ಎದುರುಗಡೆ ಕಟ್ಟುತ್ತಿರುವ ಮನೆಗೆ ಅಳತೆ ತೆಗೆಯಲು ಹೋಗಿದ್ದ. ಹತ್ತು ಹೆಜ್ಜೆ ದೂರ. ಇಬ್ಬರ ಕಣ್ಣೂ ಅವನ ಮೇಲೇ ಇತ್ತು. ಎರಡು ತಿಂಗಳ ಮೇಲೆ ಅವಳು ನೇರ ನನ್ನ ಜೊತೆ ಮಾತಾಡಿದಳು.

“ಅಣ್ಣ, ಒಂದ್ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಮಾಡ್ಕೊಂಡ್ರೂ ಪರ್ವಾಗಿಲ್ಲ.”

ಹೇಳು ಎಂದೆ.

“ಚಿಕ್ಕಂದಿನಿಂದ ನೋಡಿದೀನಿ. ಈ ಕಂಪನಿ ಹೇಸಿಗೆ, ಆ ಆಟ ಹೇಸಿಗೆ, ಆ ಜನ ಹೇಸಿಗೆ ಅಂತ ನೀನು ಅನ್ನದೇ ಇದ್ದ ದಿನ ಇಲ್ಲ. ನನಗೆ ಜೀವನದಲ್ಲಿ ಯಾರ ಮೇಲೂ ಹಂಗೆ ಅನ್ಸಿರ್ಲಿಲ್ಲ. ಈಗ ನಿನ್ ಮುಖ ನೋಡಿದ್ರೆ ಅನ್ಸುತ್ತೆ. ಬೆಳಿಗ್ಗೆ ನೀನು ಬಂದು ಶಟರ್ ಎತ್ತೋ ಶಬ್ದ ಕೇಳಿದ್ರೆ ಅನ್ಸುತ್ತೆ. ಹೋಗುತ್ತೆ ಅಂತ ಕಾದೆ. ಇನ್ನೂ ಹೋಗಿಲ್ಲ.”

ಸರಿ ಎಂದೆ.

ರಸ್ತೆಯಾಚೆ ಉಮೇಶ ಟೇಪು ಎಳೆದು ಗೋಡೆಗೆ ಹಿಡಿದಿದ್ದ. ಯಾರಿಗೋ ಏನೋ ಜೋರಾಗಿ ಹೇಳಿ ಕೈ ಬೀಸುತ್ತಿದ್ದ.

ಕಲಾವತಿ ರಸೀದಿ ಪುಸ್ತಕ ಮುಚ್ಚಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ನಾಳೆ ಪೈಪಿನ ಲೋಡು ಬರುತ್ತೆ. ಇಳಿಸೋಕೆ ಅವರೊಬ್ರಿಗೇ ಆಗಲ್ಲ. ಬೇಗ ಬಾ” ಎಂದಳು.

ನಾಳೆ ಭಾನುವಾರ. ಆರೂ ಇಪ್ಪತ್ತರ ಬಸ್ಸು ಹಿಡಿಯಬೇಕು.